ಮೂರನೆಯ ಕೂಗಿಗೆ ಓ

ಒಂದು ಸಲ ಕರೆದರೆ ನಾನು ಓಗೊಡುವುದಿಲ್ಲ. ಎರಡನೆಯ ಸಲಕ್ಕೂ ಇಲ್ಲ. ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಬಿಡಿಭಾಗಗಳನ್ನು ತಪಾಸಣೆ ಮಾಡುವ ಕೆಲಸದಲ್ಲಿದ್ದೆ. ಸೇರಿದ ತಿಂಗಳೊಳಗೆ ನನಗೆ ಕಿವುಡಿ ಎಂಬ ಹೆಸರು ಬಿತ್ತು. ಸೂಪರ್‌ವೈಸರ್ ಒಳ್ಳೆಯ ಮನುಷ್ಯ, ಪಾಪ, ಕಿವಿ ಡಾಕ್ಟರ ಹತ್ತಿರ ಕಳಿಸಿದರು. ಯಂತ್ರಗಳ ಸದ್ದಿನಲ್ಲಿ ಇದ್ದುಕೊಂಡು ಕಿವಿ ಇಷ್ಟು ಚುರುಕಾಗಿರುವುದೇ ಆಶ್ಚರ್ಯ ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಆ ಚೀಟಿ ಬಂದ ಮೇಲೆ ನನ್ನ ಮರ್ಯಾದೆ ಇನ್ನಷ್ಟು ಹೋಯಿತು.

"ಕಿವುಡೂ ಅಲ್ಲ, ಮಣ್ಣೂ ಅಲ್ಲ ಕಣ್ರೀ, ಕೊಬ್ಬು," ಎಂದಳು ಪಕ್ಕದ ಮೇಜಿನ ಸರೋಜ. "ಮೂರ್ ಮೂರ್ ಸಲ ಕರೀಬೇಕು ಮಹಾರಾಣೀನ."

ನಾನು ಜಗಳಕ್ಕೆ ಹೋಗಲಿಲ್ಲ. ಸರೋಜ ಲೆಕ್ಕವನ್ನಂತೂ ಸರಿಯಾಗಿ ಹಿಡಿದಿದ್ದಳು. ಮೊದಲ ಕೂಗಿಗೆ ನನ್ನ ಕಾಲು ನೆಲಕ್ಕೆ ಅಂಟುತ್ತದೆ. ಎರಡನೆಯದಕ್ಕೆ ಎದೆ ಹೊಡೆದುಕೊಳ್ಳುತ್ತದೆ. ಮೂರನೆಯದು ಬಂದರೆ, ಸದ್ಯ, ಬದುಕಿದೆ ಎನ್ನಿಸಿ 'ಓ' ಎನ್ನುತ್ತೇನೆ. ಬಾರದೆ ಹೋದರೆ ಆ ದಿನವೆಲ್ಲ ನನಗೆ ಅನ್ನ ಸೇರುವುದಿಲ್ಲ. ಇದನ್ನು ಕಲಿತದ್ದು ಹಿಮಾಲಯದ ಒಂದು ಹಳ್ಳಿಯ ಮನೆಯಲ್ಲಿ, ನನಗೆ ಒಂಬತ್ತು ತುಂಬುವುದರೊಳಗೆ. ಆಮೇಲೆ ಕಲಿತ ಎಷ್ಟೋ ವಿದ್ಯೆ ಮರೆತುಹೋಗಿದೆ. ಇದೊಂದು ಹೋಗಲಿಲ್ಲ.

ಬೆಂಗಳೂರಿನ ಅಂಚಿನಲ್ಲಿ ರಾಗಿ ಬೆಳೆಯುತ್ತಿದ್ದ ದೊಡ್ಡನೆಕ್ಕುಂದಿಯವರಿಗೂ ಹಿಮಾಲಯಕ್ಕೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ನಂಟು ಮಾಡಿಕೊಂಡವನು ಅಪ್ಪ. ಬೆಟ್ಟದಲ್ಲಿ ರಸ್ತೆ ಮಾಡುವ ಕಡೆ ರೋಡ್ ರೋಲರ್ ಓಡಿಸುತ್ತಿದ್ದ. ಒಂದು ಮಳೆಗಾಲದಲ್ಲಿ ಗುಡ್ಡ ಜರಿದು ಅವನ ಕಾಲು ಮುರಿಯಿತು, ರಸ್ತೆಯೂ ಮುಚ್ಚಿತು. ಹತ್ತಿರದ ಹಳ್ಳಿಯಲ್ಲಿ ಒಬ್ಬ ವಿಧವೆಯ ಮನೆಯಲ್ಲಿ ಅವನನ್ನು ಮಲಗಿಸಿದರು. ಮೂಳೆ ಕೂಡುವುದಕ್ಕೆ ಮಳೆಗಾಲ ಪೂರ್ತಿ ಬೇಕಾಯಿತು. ಅಷ್ಟರಲ್ಲಿ ಆ ಮನೆಯ ಮಗಳೊಂದಿಗೆ ಮನಸ್ಸೂ ಕೂಡಿತು. ಆ ವಿಧವೆಯೇ ನನ್ನ ಅಜ್ಜಿ, ಅಲ್ಲಿಯ ಮಾತಿನಲ್ಲಿ ಆಮಾ. ಮಗಳು ನನ್ನ ತಾಯಿ. ಅಲ್ಲಿ ತಾಯಿಗೆ ಇಜಾ ಎನ್ನುತ್ತಾರೆ, ನಾನು ಕೊನೆಯವರೆಗೂ ಹಾಗೆಯೇ ಕರೆದೆ. ಅಪ್ಪನನ್ನು ಮುಂದೆ ಬೇರೆ ಬೇರೆ ಬೆಟ್ಟಗಳಿಗೆ ಹಾಕುತ್ತ ಹೋದರು. ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದ. ಮಿಕ್ಕ ದಿನಗಳಲ್ಲಿ ಆ ಮನೆಯಲ್ಲಿ ನಾವು ಮೂವರೇ, ಕೆಳಗೆ ಒಂದು ಹಸು, ಎರಡು ಮೇಕೆ.

ಕೆಳಗೆ ಎಂದರೆ ನಿಜವಾಗಿಯೂ ಕೆಳಗೆ. ಮನೆಯ ಕೆಳ ಅಂತಸ್ತೇ ಕೊಟ್ಟಿಗೆ, ಮೇಲಿನ ಅಂತಸ್ತಿನಲ್ಲಿ ಜನ. ನಡುವೆ ಇದ್ದದ್ದು ಹಲಗೆ, ಅದರ ಮೇಲೆ ಸೆಗಣಿ ಸಾರಿಸಿದ ಮಣ್ಣು. ಚಳಿಯಲ್ಲಿ ಹಸುವಿನ ಬೆಚ್ಚಗಿನ ಉಸಿರು ಹಲಗೆಯ ಸಂದಿನಿಂದ ಮೇಲೆ ಬರುತ್ತಿತ್ತು. ಹಸು ಯಾವ ಕಡೆ ಮಲಗಿದೆ ಎಂದು ನೋಡಿ ಆಮಾ ನನ್ನ ಹಾಸಿಗೆಯನ್ನು ಆ ಕಡೆಗೆ ಎಳೆಯುತ್ತಿದ್ದಳು. ಮನೆಯ ಬಾಗಿಲು ಗಿಡ್ಡ, ಬಗ್ಗದೆ ಯಾರೂ ಒಳಗೆ ಬರುವಂತಿರಲಿಲ್ಲ. ಮನೆಗೆ ತಲೆ ಬಾಗಿಸದವನು ಮನೆಯವನಲ್ಲ ಎಂದು ಆಮಾ ಹೇಳುತ್ತಿದ್ದಳು. ಅಪ್ಪ ಪ್ರತಿ ರಜೆಯಲ್ಲೂ ಮೊದಲ ದಿನ ಹಣೆ ಜಜ್ಜಿಸಿಕೊಳ್ಳುತ್ತಿದ್ದ. ಆಮಾ ಅರಿಸಿನ ಹಚ್ಚುತ್ತ, ಅಳಿಯ ಇನ್ನೂ ನೆಂಟನೇ ನೋಡು ಎಂದು ನಗುತ್ತಿದ್ದಳು.

ಅಲ್ಲಿ ದಿನಕ್ಕೆ ಅವಸರವಿರಲಿಲ್ಲ. ಬೆಳಗಾದ ಮೇಲೂ ಬಿಸಿಲು ನಮ್ಮ ಮನೆಗೆ ಬರುವುದಕ್ಕೆ ಬಹಳ ಹೊತ್ತು ಬೇಕಿತ್ತು. ಮೊದಲು ದೂರದ ಹಿಮದ ಶಿಖರಗಳಿಗೆ, ಆಮೇಲೆ ಎದುರಿನ ಗುಡ್ಡದ ನೆತ್ತಿಗೆ, ಆಮೇಲೆ ಒಂದೊಂದೇ ಮೆಟ್ಟಿಲು ಗದ್ದೆ ಇಳಿದುಕೊಂಡು ನಮ್ಮ ಕಡೆಗೆ. ಆಮಾ ಒಲೆಯ ಮುಂದೆ ಕೂತು ಒಳಗಿನಿಂದಲೇ ಕೇಳುವಳು:

"ಎಲ್ಲಿಗೆ ಬಂತೇ?"

"ಗುಡಿ ಹತ್ರ."

"ಇನ್ನೂ ಗುಡಿ ಹತ್ರವೇ? ಪೂಜೆ ಮುಗಿಸಿಕೊಂಡು ಬರಲಿ ಬಿಡು."

ಬಿಸಿಲು ಅಂಗಳದ ಅಕ್ರೋಟ ಮರಕ್ಕೆ ತಾಗಿದ ಮೇಲೆಯೇ ನನ್ನ ತಲೆ ಬಾಚುವುದು. ಮುಂದೆ ನಾನು, ನನ್ನ ಹಿಂದೆ ಇಜಾ, ಇಜಾಳ ಹಿಂದೆ ಆಮಾ. ಹೀಗೆ ಒಬ್ಬರ ಹಿಂದೆ ಒಬ್ಬರು ಕೂತು ಎಣ್ಣೆ ಹಚ್ಚಿ ಬಾಚುತ್ತಿದ್ದೆವು. ಆಮಾಳ ತಲೆ ಬಾಚುವವರು ಯಾರೂ ಇಲ್ಲವಲ್ಲ ಎಂದು ನಾನು ಎದ್ದು ಹೋಗಿ ಅವಳ ಹಿಂದೆ ಕೂರುತ್ತಿದ್ದೆ, ಆಗ ಸಾಲು ಮತ್ತೆ ಮೊದಲಾಗುತ್ತಿತ್ತು. ಚಹಕ್ಕೆ ಸಕ್ಕರೆ ಹಾಕುತ್ತಿರಲಿಲ್ಲ. ಅಂಗೈಯಲ್ಲಿ ಒಂದು ಚೂರು ಬೆಲ್ಲ ಇಟ್ಟುಕೊಂಡು, ಒಂದು ಸಲ ಬೆಲ್ಲ ಕಚ್ಚಿ, ಒಂದು ಗುಟುಕು ಕುಡಿಯಬೇಕು. ಬೆಲ್ಲ ಮೊದಲು ಮುಗಿಸಿದವರು ದುಡುಕಿನವರು, ಚಹ ಮೊದಲು ಮುಗಿಸಿದವರು ಜಿಪುಣರು ಎಂದು ಆಮಾಳ ತೀರ್ಪು. ನಾನು ಯಾವಾಗಲೂ ದುಡುಕಿನವಳಾಗುತ್ತಿದ್ದೆ. ದಿನಕ್ಕೆ ಒಂದು ಬಸ್ಸು ಬರುತ್ತಿತ್ತು. ಅದು ಆಚೆಯ ಗುಡ್ಡದಲ್ಲಿ ಕಾಣಿಸಿಕೊಂಡು, ಮರೆಯಾಗಿ, ಮತ್ತೆ ಕಾಣಿಸಿ, ನಮ್ಮೂರ ಕೆಳಗೆ ಬಂದು ನಿಲ್ಲುವಷ್ಟರಲ್ಲಿ ಒಂದು ಮೊರ ಕಾಳು ಆರಿಸಿ ಮುಗಿಸಬಹುದಿತ್ತು.

ಊಟ ಎಂದರೆ ರಾಗಿರೊಟ್ಟಿ, ಹುರುಳಿ ಸಾರು. ನಂಬದಿದ್ದರೆ ಬಿಡಿ, ಆ ಬೆಟ್ಟದಲ್ಲೂ ರಾಗಿಯೇ, ಹುರುಳಿಯೇ. ಹೆಸರು ಬೇರೆ ಅಷ್ಟೆ, ಮಡುವಾ ಎಂದೂ ಗಹತ್ ಎಂದೂ ಕರೆಯುತ್ತಿದ್ದರು. ಹುರುಳಿಯನ್ನು ಬೆಳಿಗ್ಗೆ ಒಲೆಯ ಮೇಲಿಟ್ಟರೆ ಸಂಜೆಯವರೆಗೂ ಕುದಿಯುತ್ತಿತ್ತು. ಹೋಗುವಾಗ ಬರುವಾಗ ಯಾರಾದರೂ ಒಂದು ಕಟ್ಟಿಗೆ ತಳ್ಳಿ ಹೋಗುತ್ತಿದ್ದರು. ಆಮಾಗೂ ಇಜಾಗೂ ಜಗಳ ಇದ್ದದ್ದು ಆ ಸಾರಿನ ಉಪ್ಪಿನ ಮೇಲೆ. ಅದಕ್ಕಿಂತ ದೊಡ್ಡ ಜಗಳ ಇನ್ನೊಂದಿತ್ತು. ಬೆಂಗಳೂರಿನ ಹತ್ತಿರ ಸ್ವಂತ ಮನೆ, ಹೊಲ ಇದೆ, ಅಲ್ಲಿಗೆ ಹೋಗೋಣ ಎಂದು ಅಪ್ಪ ಪ್ರತಿ ರಜೆಯಲ್ಲೂ ಹೇಳಿ ಹೋಗುತ್ತಿದ್ದ. ಅವನು ಹೋದ ಮೇಲೆ ಆ ಮಾತು ಒಂದು ತಿಂಗಳು ಮನೆಯಲ್ಲಿ ಉಳಿಯುತ್ತಿತ್ತು.

"ಬೆಟ್ಟವೇ ಇಲ್ಲದ ಊರಂತೆ," ಎಂದು ಆಮಾ ಒಲೆಗೆ ಹೇಳುವಳು. "ಅಲ್ಲಿ ಕೂಗಿದರೆ ಧ್ವನಿ ಎಲ್ಲಿಗೆ ಹೋಗಿ ತಾಗುತ್ತೆ? ಯಾರು ಓಗೊಡ್ತಾರೆ?"

"ಅಲ್ಲಿ ಜನ ಹತ್ತಿರ ಹತ್ತಿರ ಇರ್ತಾರಂತೆ. ಕೂಗಬೇಕಾಗಿಲ್ಲ," ಎಂದು ಇಜಾ.

"ಕೂಗಬೇಕಾಗಿಲ್ಲದ ಊರಲ್ಲಿ ಒಬ್ಬರಿಗೊಬ್ಬರು ಬೇಕಾಗಿಲ್ಲ ಅಂತಲೇ ಅರ್ಥ."

ನಮ್ಮೂರಿನಲ್ಲಿ ಎಲ್ಲವೂ ಕೂಗಿನ ಮೇಲೆ ನಡೆಯುತ್ತಿತ್ತು. ಮನೆಗಳು ಗುಡ್ಡದ ಮೈಮೇಲೆ ಮೇಲೊಂದು ಕೆಳಗೊಂದು. ಮಾತಾಡಬೇಕೆಂದರೆ ಹತ್ತಬೇಕು, ಇಲ್ಲವೇ ಕೂಗಬೇಕು. ಹಗಲಲ್ಲಿ ಹೇಗೆ ಬೇಕಾದರೂ ಕೂಗಬಹುದು, ಹೇಗೆ ಬೇಕಾದರೂ ಓಗೊಡಬಹುದು. ಆದರೆ ಶಿಖರಗಳು ಕೆಂಪಾದ ಮೇಲೆ ಒಂದು ಕಟ್ಟಳೆಯಿತ್ತು. ಆ ಹೊತ್ತಿನಲ್ಲಿ ಛಲ್ ತಿರುಗುತ್ತದೆ. ಛಲ್ ಎಂದರೆ ನಮ್ಮವರದೇ ಧ್ವನಿಯಲ್ಲಿ ನಮ್ಮ ಹೆಸರು ಹಿಡಿದು ಕರೆಯುವ ದೆವ್ವ. ಓಗೊಟ್ಟರೆ ಹಿಡಿದುಕೊಳ್ಳುತ್ತದೆ. ಅದಕ್ಕಿರುವ ಕೊರತೆ ಒಂದೇ, ಎರಡು ಸಲಕ್ಕಿಂತ ಹೆಚ್ಚು ಕರೆಯುವುದಕ್ಕೆ ಅದಕ್ಕೆ ಬರುವುದಿಲ್ಲ. ಆದ್ದರಿಂದ ಮುಸ್ಸಂಜೆಯಲ್ಲಿ ಮನುಷ್ಯರಾದವರು ಮೂರು ಸಲ ಕರೆಯಬೇಕು. ಕೇಳಿಸಿಕೊಂಡವರು ಮೂರನೆಯದಕ್ಕೇ ಓಗೊಡಬೇಕು. ಆಮಾ ನನ್ನನ್ನು ಎಷ್ಟೋ ಸಲ ಪರೀಕ್ಷೆ ಮಾಡುತ್ತಿದ್ದಳು. ಅಂಗಳದಿಂದ ಎರಡು ಸಲ ಕರೆದು ಸುಮ್ಮನಾಗುವಳು. ನಾನು ತುಟಿ ಕಚ್ಚಿ ಕೂತಿರುತ್ತಿದ್ದೆ. ಒಳಗೆ ಬಂದು ನನ್ನ ಬಾಯಿಗೆ ಬೆಲ್ಲ ಇಡುತ್ತಿದ್ದಳು.

ಅದು ಚಳಿ ಶುರುವಾಗುವ ದಿನಗಳು. ಅಪ್ಪ ರಜೆಯಲ್ಲಿ ಬರುವವನಿದ್ದ. ಅವನನ್ನು ಕರೆತರಲು ಇಜಾ ಕೆಳಗಿನ ಪೇಟೆಗೆ ಹೋಗಿದ್ದಳು, ಮಾರನೆಯ ದಿನದ ಬಸ್ಸಿಗೆ ಇಬ್ಬರೂ ಬರಬೇಕು. ಸಂಜೆ ಆಮಾ ತಾಮ್ರದ ಬಿಂದಿಗೆ ತೆಗೆದುಕೊಂಡು ನೀರಿಗೆ ಹೋದಳು. ನಮ್ಮೂರಿನ ಒರತೆ ಮನೆಯಿಂದ ನಲವತ್ತು ಕಲ್ಲಿನ ಮೆಟ್ಟಿಲು ಕೆಳಗೆ, ಒಂದು ಪುಟ್ಟ ಗುಡಿಯಂಥ ಕಲ್ಲುಕಟ್ಟಡದ ಒಳಗಿತ್ತು. ನಾಳೆ ಅಳಿಯನಿಗೆ ಸಾರು ಮಾಡಬೇಕು, ಹುರುಳಿಯಲ್ಲಿ ಒಂದು ಕಲ್ಲೂ ಇರಬಾರದು ಎಂದು ಮೊರವನ್ನು ನನ್ನ ತೊಡೆಯ ಮೇಲಿಟ್ಟು ಹೋದಳು. ನಾನು ಕಿಟಕಿಯ ಬೆಳಕಿನಲ್ಲಿ ಕಲ್ಲು ಹೆಕ್ಕುತ್ತಿದ್ದೆ. ಶಿಖರಗಳು ಕೆಂಪಾಗಿದ್ದವು.

"ನಂದಾ..."

ಆಮಾಳ ಧ್ವನಿ. ನಾನು ಕೈ ನಿಲ್ಲಿಸಿದೆ.

"ನಂದಾ..."

ಎರಡನೆಯದು ಮೊದಲನೆಯದಕ್ಕಿಂತ ಉದ್ದವಾಗಿತ್ತು, ಸ್ವಲ್ಪ ನಡುಗುತ್ತಿತ್ತು. ನಾನು ತುಟಿ ಕಚ್ಚಿಕೊಂಡು ಮೂರನೆಯದಕ್ಕೆ ಕಾದೆ. ಅದು ಬರಲಿಲ್ಲ. ನಾನು ಆಗ ಹೆದರಿಕೊಳ್ಳಲಿಲ್ಲ ಎಂಬುದನ್ನು ಇಲ್ಲಿ ಬರೆಯಲೇಬೇಕು. ನನಗೆ ಹೆಮ್ಮೆಯಾಯಿತು. ನಿಜವಾದ ಛಲ್ ನನ್ನನ್ನು ಕರೆದಿತ್ತು, ಆಮಾಳ ಧ್ವನಿಯನ್ನು ಅಷ್ಟು ಚೆನ್ನಾಗಿ ಅನುಕರಿಸಿದ್ದರೂ ನಾನು ಮೋಸಹೋಗಿರಲಿಲ್ಲ. ಅವಳು ಬಂದ ಕೂಡಲೇ ಹೇಳಬೇಕು, ಈ ಸಲ ದೊಡ್ಡ ಚೂರು ಬೆಲ್ಲವೇ ಸಿಗುತ್ತದೆ ಎಂದುಕೊಂಡು ಕಲ್ಲು ಹೆಕ್ಕಿದೆ. ಶಿಖರಗಳ ಕೆಂಪು ಆರಿ ಬೂದಿಯ ಬಣ್ಣವಾಯಿತು. ಮೊರದಲ್ಲಿ ಕಾಳು ಕಾಣಿಸದಷ್ಟು ಕತ್ತಲಾದ ಮೇಲೂ ಕೂತೇ ಇದ್ದೆ.

ಪಕ್ಕದ ಮನೆಯ ಪದಂ ಕಾಕಾ ಅವಳನ್ನು ಬೆನ್ನ ಮೇಲೆ ಹೊತ್ತು ತಂದ. ಒರತೆಯ ಹತ್ತಿರದ ಮೆಟ್ಟಿಲ ಮೇಲೆ ನೀರು ಚೆಲ್ಲಿ ಹೆಪ್ಪುಗಟ್ಟಿತ್ತಂತೆ, ಜಾರಿ ತಲೆಗೆ ಪೆಟ್ಟಾಗಿತ್ತು. ಮೈಯೆಲ್ಲ ಒದ್ದೆ, ತಣ್ಣಗೆ ಕೊರೆಯುತ್ತಿತ್ತು. ಕಣ್ಣು ತೆರೆದಿತ್ತು, ಮಾತಿರಲಿಲ್ಲ. ಹೆಂಗಸರು ಬಂದು ಒಲೆ ದೊಡ್ಡದು ಮಾಡಿದರು, ಕಂಬಳಿ ಹೊದಿಸಿದರು.

"ಬಹಳ ಹೊತ್ತು ತಣ್ಣೀರಲ್ಲಿ ಬಿದ್ದಿದ್ದಾಳೆ," ಎಂದ ಪದಂ ಕಾಕಾ. ಆಮೇಲೆ ನನ್ನ ಕಡೆ ತಿರುಗಿದ. "ಕೂಗಲಿಲ್ಲವೇನೇ ಅವಳು? ನಿನಗೇನೂ ಕೇಳಿಸಲಿಲ್ಲವೇ?"

"ಇಲ್ಲ," ಎಂದೆ.

ಆಮಾಳ ಕಣ್ಣು ನನ್ನ ಮೇಲೇ ಇತ್ತು. ಆ ನೋಟದಲ್ಲಿ ಏನಿತ್ತು ಎಂದು ಇವತ್ತಿಗೂ ಯೋಚಿಸುತ್ತೇನೆ. ಮಾರನೆಯ ದಿನ ಬಸ್ಸು ಆಚೆಯ ಗುಡ್ಡದಲ್ಲಿ ಕಾಣಿಸಿದಾಗ ಅವಳಿಗೆ ಉಸಿರಿತ್ತು. ಊರ ಕೆಳಗೆ ಬಂದು ನಿಂತಾಗ ಇರಲಿಲ್ಲ. ಅಪ್ಪ ಬಾಗಿಲಲ್ಲಿ ಬಗ್ಗಿಯೇ ಒಳಗೆ ಬಂದ, ಆ ಸಲ ಹಣೆ ತಾಗಲಿಲ್ಲ.

ಮನೆಗೆ ಬೀಗ ಹಾಕಿ, ಹಸುವನ್ನು ಪದಂ ಕಾಕಾನಿಗೆ ಒಪ್ಪಿಸಿ, ನಾವು ದೊಡ್ಡನೆಕ್ಕುಂದಿಗೆ ಬಂದೆವು. ಅಪ್ಪ ರಸ್ತೆ ಕೆಲಸ ಬಿಟ್ಟು ಇಲ್ಲಿಯೇ ಒಂದು ಕಾರ್ಖಾನೆ ಸೇರಿದ. ಆಗ ದೊಡ್ಡನೆಕ್ಕುಂದಿ ಇನ್ನೂ ಹಳ್ಳಿ. ಕಾರ್ಖಾನೆಗಳ ಸೈರನ್ ಒಂದು ಕಡೆ, ಕಣದಲ್ಲಿ ರಾಗಿ ಮೆದೆ ಇನ್ನೊಂದು ಕಡೆ. ಅಪ್ಪನ ತಾಯಿ, ನನ್ನ ಇನ್ನೊಬ್ಬ ಅಜ್ಜಿ, ಹೆಂಚಿನ ಮನೆಯ ಜಗಲಿಯಲ್ಲಿ ನಿಂತು ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು. ಭಾಷೆ ಬಾರದ ಸೊಸೆ, ಭಾಷೆ ಬಾರದ ಮೊಮ್ಮಗಳು.

"ಎಸ್ರೇನು?"

"ನಂದಾ," ಎಂದ ಅಪ್ಪ.

"ಅಯ್ಯೋ, ದೀಪ ನಂದೋಗ್ಲಿ ಅಂದಂಗದೆ. ಬ್ಯಾರೆ ಎಸ್ರೇ ಸಿಕ್ಕಿಲ್ವಾ ನಿಂಗೆ?"

"ನಂದಾದೀಪ ಅಂತಾನೂ ಅದೆಯಲ್ಲವ್ವಾ."

ಅಜ್ಜಿ ಸ್ವಲ್ಪ ಯೋಚಿಸಿ, ಅಂಗಂದ್ರೆ ಸರಿ, ಕಾಲ್ ತೊಳ್ಕೊಂಡು ಒಳೀಕ್ ಬನ್ನಿ ಎಂದಳು. ಒಳಗೆ ಮೂಲೆಯಲ್ಲಿ ರಾಗಿ ಮೂಟೆ ಬಾಯಿ ಬಿಚ್ಚಿಕೊಂಡಿತ್ತು. ಇಜಾ ಅದನ್ನು ನೋಡಿದವಳೇ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಮೂಟೆಯ ಮೇಲೆ ತಲೆಯಿಟ್ಟು ಅತ್ತಳು. ಊರು ಬಿಟ್ಟಾಗಿನಿಂದ ಅವಳು ಅತ್ತಿರಲಿಲ್ಲ. ಅಜ್ಜಿ ಗಾಬರಿಯಾಗಿ, ಸೊಸೆಗೆ ದಾರಿಯಲ್ಲಿ ಅನ್ನ ಹಾಕಿಲ್ಲ ಎಂದುಕೊಂಡು ಅಪ್ಪನನ್ನು ಬೈದಳು.

ಆ ವರ್ಷ ನಮ್ಮ ಸುತ್ತಿನ ಊರುಗಳಲ್ಲೆಲ್ಲ ಒಂದು ಸುದ್ದಿ ಹಬ್ಬಿತ್ತು. ಕತ್ತಲಾದ ಮೇಲೆ ದೆವ್ವವೊಂದು ಮನೆ ಮನೆಗೆ ಬಂದು, ಮನೆಯವರದೇ ಧ್ವನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ ಎಂದು. ಅದಕ್ಕೆ ಎಲ್ಲರೂ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರು. ದೆವ್ವ ಓದಿಕೊಂಡು ವಾಪಸು ಹೋಗುತ್ತದೆ, ಮಾರನೆಯ ದಿನ ಬಂದರೂ ಅದೇ ಬರಹ. ನಮ್ಮ ಬಾಗಿಲ ಮೇಲೆ ಅಜ್ಜಿ ಅಪ್ಪನಿಂದ ಸುಣ್ಣದಲ್ಲಿ ಬರೆಸಿದ್ದಳು. ನಾನು ಓದಲು ಕಲಿತ ಮೊದಲ ಕನ್ನಡ ಅದೇ. ಈ ದೆವ್ವ ಎಷ್ಟು ಸಲ ಕರೆಯುತ್ತದೆ ಎಂದು ಅಪ್ಪನನ್ನು ಕೇಳಿದೆ. ನಿಮ್ಮ ಬೆಟ್ಟದ ದೆವ್ವಕ್ಕೆ ಲೆಕ್ಕ ಬರಲ್ಲ, ನಮ್ಮೂರಿನದಕ್ಕೆ ಅಕ್ಷರ ಬರುತ್ತೆ, ಅಷ್ಟೇ ವ್ಯತ್ಯಾಸ ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ. ನನ್ನ ಲೆಕ್ಕ ಬೇರೆಯಿತ್ತು. ಆಮಾ ಎರಡು ಸಲ ಕರೆದಿದ್ದಾಳೆ, ಮೂರನೆಯದು ಬಾಕಿಯಿದೆ. ಇವತ್ತಲ್ಲ ನಾಳೆ ಅವಳು ನನ್ನನ್ನು ಹುಡುಕಿಕೊಂಡು ಬಂದೇ ಬರುತ್ತಾಳೆ. ಅವಳಿಗೆ ಓದು ಬಾರದು, ಆದರೆ ದಾರಿಯಲ್ಲಿ ಯಾರಾದರೂ ಓದಿ ಹೇಳಿಬಿಟ್ಟರೆ? ಅಷ್ಟು ದೂರದಿಂದ ಬಂದವಳಿಗೆ ನಾಳೆ ಬಾ ಎಂದರೆ? ಅವಳು ಬರುತ್ತಾಳೆಂದು ನನಗೆ ವಿಪರೀತ ಭಯವಿತ್ತು. ಬಂದು ಹಿಂದಿರುಗಿ ಹೋದರೆ ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಲಂಗದ ಅಂಚು ಒದ್ದೆ ಮಾಡಿಕೊಂಡು ಆ ಎರಡು ಪದಗಳನ್ನು ಒರೆಸಿಬಿಡುತ್ತಿದ್ದೆ.

ಬೆಳಿಗ್ಗೆ ಎದ್ದು ನೋಡಿದರೆ ಬರಹ ಮಾಯ, ಅಜ್ಜಿ ಸುಣ್ಣ ಕಲಸಿ ಅಪ್ಪನಿಂದ ಮತ್ತೆ ಬರೆಸುವಳು. ದೆವ್ವವೇ ಅಳಿಸಿ ಹೋಗುತ್ತಿದೆ ಎಂದು ಅಜ್ಜಿ ಬೀದಿಯವರಿಗೆಲ್ಲ ಹೇಳಿದಳು. ಬೀದಿಯೆಲ್ಲ ನಡುಗಿತು. ನಾಲ್ಕನೆಯ ಸಂಜೆ ನಾನು ಸಿಕ್ಕಿಬಿದ್ದೆ.

"ನೀನಾ! ಅಯ್ಯೋ ಮನೆಹಾಳಿ, ದೆವ್ವಾನ ಮನೇಗ್ ಕರ್ಕೊಂಡೀಯಾ?"

ನನಗೆ ಆಗ ಇದ್ದದ್ದು ಹತ್ತಿಪ್ಪತ್ತು ಕನ್ನಡ ಪದ. ಅವುಗಳಲ್ಲೇ ಹೇಳಿದೆ.

"ದೆವ್ವ ಅಲ್ಲ. ಆಮಾ. ನಮ್ಮ ಅಜ್ಜಿ ಬರ್ತಾಳೆ."

ಅಜ್ಜಿ ಎತ್ತಿದ ಕೈ ಇಳಿಸಿದಳು. ಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ನನ್ನ ಕೈ ಹಿಡಿದು, ಅಡುಗೆಮನೆ ದಾಟಿ, ಹಸುವಿನ ಕೊಟ್ಟಿಗೆಯ ಕಡೆಗಿದ್ದ ಬಾಗಿಲನ್ನು ತೋರಿಸಿದಳು.

"ಬಂದ್ರೆ ಇತ್ಲು ಬಾಗ್ಲಾಗ್ ಬರ್ಲಿ ಬುಡು. ಅಲ್ಲೇನೂ ಬರ್ದಿಲ್ವಲ್ಲ."

ಆ ದಿನದಿಂದ ನಾನು ಮುಂಬಾಗಿಲ ತಂಟೆಗೆ ಹೋಗಲಿಲ್ಲ. ಈ ಅಜ್ಜಿಯನ್ನು ನಾನು ಪ್ರೀತಿಸಲು ಶುರುಮಾಡಿದ್ದು ಅವತ್ತಿನಿಂದ.

ಶಾಲೆಯಲ್ಲಿ ಒಂದು ವರ್ಷ ಬಾಯಿ ಬಿಡದೆ ಕಳೆದೆ. ಎರಡನೆಯ ವರ್ಷ ಕನ್ನಡ ಬಂತು. ಒಂದು ದಿನ, ಉಳಿದವರೆಲ್ಲ ಕೈಬಿಟ್ಟ ಭಾಗಾಕಾರವನ್ನು ನಾನೊಬ್ಬಳೇ ಹಲಗೆಯ ಮುಂದೆ ನಿಂತು ಬಿಡಿಸಿದೆ. ಮೇಷ್ಟ್ರಿಗೆ ಖುಷಿಯಾಯಿತು. ನನ್ನ ತಲೆಯ ಮೇಲೆ ಕೈಯಿಟ್ಟು ತರಗತಿಗೆಲ್ಲ ಕೇಳುವ ಹಾಗೆ ಹೇಳಿದರು:

"ನೋಡ್ರೋ, ಈ ಹುಡುಗೀಗೆ ಛಲ ಇದೆ. ಹಿಡಿದ ಛಲ ಬಿಡೋದಿಲ್ಲ. ಇವಳನ್ನ ನೋಡಿ ಕಲೀರಿ."

ಹಟಕ್ಕೆ ಕನ್ನಡದಲ್ಲಿ ಛಲ ಎನ್ನುತ್ತಾರೆಂದು ನನಗೇನು ಗೊತ್ತು! ನನಗೆ ಗೊತ್ತಿದ್ದ ಛಲ್ ಒಂದೇ. ಇಷ್ಟು ದೂರದ ಊರಿನ ಈ ಮೇಷ್ಟ್ರಿಗೆ ಅದರ ಹೆಸರು ಸಹ ತಿಳಿದಿದೆ, ಅದು ನನ್ನನ್ನು ಹಿಡಿದಿದೆ, ಬಿಡುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿಬಿಟ್ಟರು ಎಂದುಕೊಂಡೆ. ಸೀಮೆಸುಣ್ಣ ಬಿಸಾಡಿ ಮನೆಗೆ ಓಡಿದೆ. ಬಾಗಿಲು ದಾಟುವಾಗ ಚಳಿ ಹಿಡಿದಿತ್ತು, ಸಂಜೆಗೆ ಜ್ವರ ನೆತ್ತಿಗೇರಿತು. ಆ ಜ್ವರ ನನಗೆ ನೆನಪಿಲ್ಲ. ಎದ್ದ ಮೇಲೆ ಎರಡು ಸಂಗತಿ ಬದಲಾಗಿದ್ದದ್ದು ಮಾತ್ರ ನೆನಪಿದೆ. ಇಜಾ ನನ್ನ ತಲೆ ಬಾಚುವುದನ್ನು ಬಿಟ್ಟಳು, ಆ ಕೆಲಸ ಅಜ್ಜಿಯ ಪಾಲಿಗೆ ಬಂತು. ಇನ್ನೊಂದು, ಇಜಾ ನನ್ನನ್ನು ಕರೆಯುವಾಗ ಒಂದೇ ಉಸಿರಿಗೆ ಮೂರು ಸಲ ಕರೆಯತೊಡಗಿದಳು. ಬೆಳಿಗ್ಗೆ, ಮಧ್ಯಾಹ್ನ, ಅಂಗಡಿಯಿಂದ, ಹಿತ್ತಲಿಂದ, ಹೊತ್ತುಗೊತ್ತಿಲ್ಲದೆ "ನಂದಾ ನಂದಾ ನಂದಾ!" ಬೀದಿಯ ಮಕ್ಕಳು ಹಾಗೆಯೇ ಕರೆದು ಅಣಕಿಸುತ್ತಿದ್ದರು. ಬೆಟ್ಟದವರ ಅಭ್ಯಾಸ ಎಂದುಕೊಂಡು ನಾನು ಅದರ ಬಗ್ಗೆ ಯೋಚಿಸಲೇ ಇಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಯೋಚಿಸಲಿಲ್ಲ, ನನ್ನ ದಡ್ಡತನಕ್ಕೆ ಅಷ್ಟು ಆಯುಷ್ಯ.

ಅಜ್ಜಿ ಹೋದಳು, ಅಪ್ಪ ಹೋದ. ಹೆಂಚಿನ ಮನೆ ಕೆಡವಿ ಚಿಕ್ಕಪ್ಪನ ಮಕ್ಕಳು ಆರು ಅಂತಸ್ತಿನ ಪೀಜಿ ಕಟ್ಟಿಸಿದರು. ರಾಗಿಯ ಕಣವಿದ್ದ ಜಾಗದಲ್ಲಿ ಈಗ ಸ್ಕೂಟರುಗಳು ಸಾಲಾಗಿ ನಿಲ್ಲುತ್ತವೆ. ಮದುವೆಯ ಗೊಡವೆಗೆ ಹೋಗದ ನಾನು, ಇಜಾಳನ್ನು ಕರೆದುಕೊಂಡು ಅದೇ ಊರಿನ ಅಪಾರ್ಟ್‌ಮೆಂಟೊಂದರ ಎರಡನೆಯ ಮಹಡಿಗೆ ಬಂದೆ. ಅಲ್ಲಿಗೆ ಬಿಸಿಲು ಬರುವುದು ಎದುರಿನ ಗಾಜಿನ ಕಟ್ಟಡದಿಂದ ತಿರುಗಿಕೊಂಡು. ಇಜಾ ಬಾಲ್ಕನಿಯಲ್ಲಿ ಕೂತು, ಬಿಸಿಲು ಎಷ್ಟನೆಯ ಮಹಡಿಗೆ ಇಳಿಯಿತು ಎಂದು ಹೇಳುತ್ತಿದ್ದಳು. ನಮ್ಮ ಬಾಲ್ಕನಿಗೆ ತಾಗಿದ ಮೇಲೆ ನಾನು ಅವಳ ತಲೆ ಬಾಚುತ್ತಿದ್ದೆ. ಹಾಗೊಂದು ಬೆಳಿಗ್ಗೆ, ಬಾಚಣಿಗೆ ಅವಳ ಕೂದಲಲ್ಲಿರುವಾಗಲೇ, ಹಾಲು ಬಂತಾ ಎಂದು ಕೇಳುವಷ್ಟು ಸಲೀಸಾಗಿ ಅವಳು ಬೆಟ್ಟದ ಮಾತಿನಲ್ಲಿ ಹೇಳಿದಳು:

"ಅವಳು ಎರಡು ಸಲ ಕೂಗಿದ್ದಳು ಅಂತ ನನಗೆ ಗೊತ್ತು."

ನನ್ನ ಕೈ ನಿಂತುಹೋಯಿತು.

"ಜ್ವರದಲ್ಲಿ ನೀನೇ ಹೇಳಿದೆ. ಮೊರ ಹಿಡಿದು ಕೂತಿದ್ದೆ, ಬೆಲ್ಲ ಸಿಗುತ್ತೆ ಅಂದುಕೊಂಡೆ ಅಂತ, ಎಲ್ಲಾ."

"ನೀನು ಏನೂ ಕೇಳಲಿಲ್ಲ."

"ಏನು ಕೇಳಲಿ? ಸಿಟ್ಟು ಬಂದಿತ್ತು ನಂದಾ. ನಿನ್ನ ತಲೆ ಮುಟ್ಟೋಕೆ ಆಗ್ತಿರಲಿಲ್ಲ. ಒಂದು ವರ್ಷ ಮುಟ್ಟಲಿಲ್ಲ. ನನ್ನ ತಾಯಿ ಅವಳು." ಇಜಾ ಗಾಜಿನ ಕಟ್ಟಡವನ್ನೇ ನೋಡುತ್ತಿದ್ದಳು. "ಆದರೆ ಒಂದು ಸಲ ಕರೆದರೆ ನೀನು ಕಲ್ಲಾಗಿ ನಿಂತುಬಿಡ್ತಿದ್ದೆ. ಅದನ್ನ ನೋಡೋಕೂ ಆಗ್ತಿರಲಿಲ್ಲ. ಅದಕ್ಕೇ ಮೂರು ಸಲ ಕರೆದೆ."

ನಾನು ಅವಳ ಹಿಂದೆ ಕೂತೇ ಅತ್ತೆ. ಅವಳು ತಿರುಗಿ ನೋಡಲಿಲ್ಲ, ಬಾಚು ಎಂದು ತಲೆ ಅಲ್ಲಾಡಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಮಾತು ಹೇಳಿದಳು.

"ಯೋಚನೆ ಮಾಡಿ ನೋಡು. ಕಟ್ಟಳೆ ಕಲಿಸಿದವಳೇ ಅವಳು. ಮೂರನೆಯದನ್ನ ಕೂಗಿದರೆ ನೀನು ಓಡಿ ಬರ್ತೀಯ ಅಂತ ಅವಳಿಗೆ ಗೊತ್ತಿಲ್ಲವಾ? ಮೆಟ್ಟಿಲ ಮೇಲೆ ಮಂಜುಗಡ್ಡೆ. ಕತ್ತಲಾಗ್ತಿದೆ. ನೀನು ಓಡಿ ಬಂದಿದ್ದರೆ ನೀನೂ ಬೀಳ್ತಿದ್ದೆ. ಎರಡು ಸಲ ಕೂಗಿದ ಮೇಲೆ ಅವಳಿಗೆ ಅದು ಹೊಳೆದಿರಬೇಕು. ಮೂರನೆಯದನ್ನ ನುಂಗಿಕೊಂಡಳು."

"ಇದು ನಿಜಾನಾ ಇಜಾ?"

"ನಾನು ಅಲ್ಲಿರಲಿಲ್ಲವಲ್ಲ," ಎಂದಳು.

ಅದು ಅವಳು ಕಂಡುಕೊಂಡ ಸತ್ಯವೋ, ಮಗಳಿಗೋಸ್ಕರ ಇಷ್ಟು ವರ್ಷ ಅರೆದು ಇಟ್ಟುಕೊಂಡಿದ್ದ ಮದ್ದೋ ನನಗೆ ತಿಳಿಯದು. ಆಮಾಳಿಗೆ ಮೂರನೆಯ ಕೂಗಿಗೆ ಉಸಿರೇ ಇರಲಿಲ್ಲ ಎಂಬುದೇ ಹೆಚ್ಚು ಸಂಭವ. ಕೆಲವು ದಿನ ಒಂದನ್ನು ನಂಬುತ್ತೇನೆ, ಕೆಲವು ದಿನ ಇನ್ನೊಂದನ್ನು. ಆದರೆ ಪದಂ ಕಾಕಾನಿಗೆ ನಾನು ಇಲ್ಲ ಎಂದಾಗ ಆಮಾಳ ಕಣ್ಣಿನಲ್ಲಿ ಇದ್ದದ್ದು ದೂರು ಅಲ್ಲದೆಯೂ ಇರಬಹುದು ಎಂದು ಆ ಬೆಳಿಗ್ಗೆ ಮೊದಲ ಸಲ ಅನ್ನಿಸಿತು.

ಕಳೆದ ಚಳಿಗಾಲದಲ್ಲಿ ಇಜಾ ಹಾಸಿಗೆ ಹಿಡಿದಳು. ಉಸಿರು ಚಿಕ್ಕದಾಗುತ್ತ ಬಂತು. ಒಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಹುರುಳಿ ಆರಿಸುತ್ತಿದ್ದೆ. "ನಂದಾ, ನಂದಾ," ಎಂದು ಕೇಳಿಸಿತು. ಅಲ್ಲಿಗೇ ನಿಂತಿತು. ನನ್ನ ಕಾಲು ನೆಲಕ್ಕೆ ಅಂಟಿತು. ಕೈಯಲ್ಲಿ ಮೊರ. ಒಂಬತ್ತು ತುಂಬದ ಆ ಹುಡುಗಿ ಅಲ್ಲಿಯೇ ತುಟಿ ಕಚ್ಚಿ ಕೂತಿದ್ದಳು. ಅವಳನ್ನು ಹೇಗೆ ಎಬ್ಬಿಸಿದೆನೋ ಗೊತ್ತಿಲ್ಲ. "ಓ, ಬಂದೆ!" ಎಂದು ಕಿರುಚಿದ್ದು ಕೇಳಿಸಿತು, ಮೊರ ಬಿದ್ದು ಹುರುಳಿ ಮನೆ ತುಂಬ ಹರಡಿತು. ನಾನು ಕೋಣೆಗೆ ಓಡಿದೆ. ಇಜಾ ಬಾಗಿಲ ಕಡೆಗೇ ನೋಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದು ಗುಟುಕು ನೀರು, ಅಷ್ಟೆ.

"ಎರಡಕ್ಕೇ ಬಂದೆಯಲ್ಲೇ," ಎಂದು ನಕ್ಕಳು.

ವಾರವಾದ ಮೇಲೆ, ಬಿಸಿಲು ನಮ್ಮ ಬಾಲ್ಕನಿಗೆ ಇಳಿಯುವ ಹೊತ್ತಿನಲ್ಲಿ, ನನ್ನ ಕೈಯಲ್ಲಿ ಕೈಯಿಟ್ಟುಕೊಂಡು ಹೋದಳು. ಹುರುಳಿ ಕಾಳು ಈಗಲೂ ಕಪಾಟಿನ ಕೆಳಗಿನಿಂದ ಒಂದೊಂದು ಸಿಗುತ್ತದೆ.

ಇನ್ನು ಉಳಿದದ್ದು ನಿನ್ನೆಯ ಸಂಜೆ. ಎದುರಿನ ಗಾಜು ಕೆಂಪಾಗಿತ್ತು, ನಾನು ದೇವರಿಗೆ ದೀಪ ಹಚ್ಚುತ್ತಿದ್ದೆ. ಕೆಳಗೆ ರಿಂಗ್ ರೋಡಿನ ಸದ್ದು. ಆ ಸದ್ದಿನ ಒಳಗಿನಿಂದ ನನ್ನ ಹೆಸರು ಕೇಳಿಸಿತು, ಉದ್ದವಾಗಿ, ಸ್ವಲ್ಪ ನಡುಗುತ್ತ. ಒಂದೇ ಸಲ. ಅಜ್ಜಿಯ ಹೆಂಚಿನ ಮನೆಗೆ ಹಿತ್ತಲ ಬಾಗಿಲಿತ್ತು. ಈ ಫ್ಲಾಟಿಗೆ ಇರುವುದು ಒಂದೇ ಬಾಗಿಲು. ಎರಡನೆಯ ಕೂಗಿಗೆ ನಾನು ಕಾಯಲಿಲ್ಲ. "ಓ!" ಎಂದು ಗಟ್ಟಿಯಾಗಿ ಕೂಗಿ, ಚಿಲಕ ತೆಗೆದು ಬಾಗಿಲನ್ನು ಪೂರ್ತಿ ತೆರೆದೆ. ನನ್ನ ಕೂಗಿಗೆ ಎದುರು ಮನೆಯ ದಾವಣಗೆರೆಯ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡೇ ಹೊರಗೆ ಬಂದಳು. ಮೆಟ್ಟಿಲ ಕಡೆ ನೋಡಿದಳು, ಯಾರೂ ಇರಲಿಲ್ಲ.

"ಯಾರ್ ಬಂದ್ರು ಆಂಟಿ?"

"ನಮ್ಮೂರಿನವರಮ್ಮ," ಎಂದೆ. "ಮೆಟ್ಟಿಲು ಹತ್ತೋದು ಸ್ವಲ್ಪ ನಿಧಾನ."